ನಾನು ಬರೆದ ಮನುಷ್ಯರೆಲ್ಲ ಮರಗಟ್ಟಿದ ಹಾಗೆ ಯಾಕೆ ಕಾಣುತ್ತಾರೆ?

ಪ್ರಶ್ನೆ: ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 31. ಶಾಲೆಯಲ್ಲಿದ್ದಾಗ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದೆ. ಫೋಟೊ ಮೇಲೆ ಚೌಕ ಹಾಕಿಕೊಂಡು ಬರೆದರೆ ಮುಖ ಚೆನ್ನಾಗಿಯೇ ಬರುತ್ತದೆ. ಆದರೆ ಎದುರಿಗೆ ಬಾಕ್ಸ್ ಹೊರುವ ಹಮಾಲಿಗಳನ್ನು ಬರೆಯಲು ಹೋದರೆ ಎಲ್ಲರೂ ಮರಗಟ್ಟಿದ ಹಾಗೆ ಕಾಣುತ್ತಾರೆ. ಅರ್ಧ ಬರೆಯುವಷ್ಟರಲ್ಲಿ ಅವರು ಹೊರಟೇ ಹೋಗಿರುತ್ತಾರೆ. ಯೂಟ್ಯೂಬಿನಲ್ಲಿ ಒಬ್ಬರು 30 ಸೆಕೆಂಡಿನ ಜೆಸ್ಚರ್ ಡ್ರಾಯಿಂಗ್ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಮೊದಲು ಮೂಳೆ, ಸ್ನಾಯು ಕಲಿಯಿರಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಬೆಂಗಳೂರಿಗೆ ಹೋಗಿ ಕ್ಲಾಸ್ ಸೇರಲೇಬೇಕಾ?

ಉತ್ತರ: ಕ್ಲಾಸಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಕಲಾ ಕಾಲೇಜಿನಲ್ಲಿ ಮಾಡೆಲ್ ಕೂರಿಸಲು ದುಡ್ಡು ಕೊಡಬೇಕು. ಕೊಟ್ಟರೂ ಅವರು ಸ್ಟೂಲ್ ಮೇಲೆ ಸುಮ್ನೆ ಕೂತಿರುವುದೇ ಜಾಸ್ತಿ. ನಿಮ್ಮ ಎದುರಿಗೆ ಬೆಳಗ್ಗೆಯಿಂದ ಹತ್ತಾರು ಜನ 15 ಕೆಜಿ ಬಾಕ್ಸನ್ನು ಬಗ್ಗಿ ಎತ್ತುತ್ತಾರೆ, ಹೊರುತ್ತಾರೆ, ಲಾರಿಗೆ ಏರಿಸುತ್ತಾರೆ. ಒಂದೇ ಕೆಲಸ, ಮತ್ತೆ ಮತ್ತೆ. ಭಾರ ಹೊತ್ತ ದೇಹ ಹೇಗಿರುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾಗಿಲ್ಲ.

ಈಗ ತೊಂದರೆ ಎಲ್ಲಿದೆ ನೋಡೋಣ. ಚೌಕ ಹಾಕಿ ಬರೆಯುವಾಗ ನೀವು ಭುಜವನ್ನು ನೋಡುತ್ತಿಲ್ಲ. ಆ ಚೌಕದೊಳಗೆ ಒಂದು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದಷ್ಟೇ ನೋಡುತ್ತೀರಿ. ಅದು ಭುಜವೋ ಬೆಟ್ಟವೋ ಗೊತ್ತಿಲ್ಲದಿದ್ದರೂ ಚಿತ್ರ ಸರಿಯಾಗಿ ಬರುತ್ತದೆ. ಆ ಕೌಶಲವನ್ನು ನಾನು ಹೀಯಾಳಿಸುವುದಿಲ್ಲ, ಕಣ್ಣಳತೆಗೆ ಅದು ಒಳ್ಳೆಯದೇ. ಆದರೆ ಓಡಾಡುವ ಮನುಷ್ಯನ ಮೇಲೆ ಚೌಕ ಹಾಕಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ ಊಹಿಸಿ ಹೇಳುತ್ತೇನೆ. ನೀವು ತಲೆಯಿಂದ ಶುರು ಮಾಡುತ್ತೀರಿ. ಆಮೇಲೆ ಕಣ್ಣು, ಮೂಗು, ತಲೆಗೆ ಸುತ್ತಿದ ಟವೆಲ್, ಶರ್ಟಿನ ಕಾಲರ್. ಸೊಂಟಕ್ಕೆ ಬರುವಷ್ಟರಲ್ಲಿ ಆತ ಲಾರಿ ಹತ್ತಿರ ಹೋಗಿರುತ್ತಾನೆ. ಕಾಲನ್ನು ಮನಸ್ಸಿನಿಂದ ಬರೆಯುತ್ತೀರಿ. ಮನಸ್ಸಿನಿಂದ ಬರೆದ ಕಾಲು ಯಾವಾಗಲೂ ನೆಟ್ಟಗೆ, ಎರಡೂ ಒಂದೇ ಥರ ಇರುತ್ತದೆ. ಮೇಲೆ ಭಾರ ಹೊತ್ತ ಮುಖ, ಕೆಳಗೆ ಅಟೆನ್ಷನ್‌ನಲ್ಲಿ ನಿಂತ ಕಾಲು. ಮರಗಟ್ಟುವುದು ಅಲ್ಲೇ. ಹೊಸದಾಗಿ ಕಲಿಯುವ ಹತ್ತರಲ್ಲಿ ಒಂಬತ್ತು ಜನರ ಹಾಳೆಯಲ್ಲಿ ನಾನು ಕಾಣುವುದು ಇದನ್ನೇ.

ಹಾಗಾಗಿ ಕ್ರಮ ಬದಲಾಯಿಸಿ. ದೇಹ ಏನು ಮಾಡುತ್ತಿದೆ ಎನ್ನುವುದು ಮೊದಲು ಹಾಳೆಗೆ ಬರಲಿ. ಭಾರ ಯಾವ ಕಾಲಿನ ಮೇಲಿದೆ? ಯಾವ ಪಕ್ಕ ಮಡಿಚಿದೆ, ಯಾವ ಪಕ್ಕ ಎಳೆದುಕೊಂಡಿದೆ? ಜೆಸ್ಚರ್ ಡ್ರಾಯಿಂಗ್ ಅಂದರೆ ಇಷ್ಟೇ. ಮುಖ ಕೊನೆಗೆ. ಮುಖ ಬರೆಯದೇ ಬಿಟ್ಟರೂ ಪರವಾಗಿಲ್ಲ.

ಕೈಗೆ ಪೆನ್ಸಿಲ್ ತೆಗೆದುಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಮಂಡಿ ಖಾಲಿಯಾದ ಮೇಲೆ ನೀವೇ ಒಂದು ತುಂಬಿದ ಬಾಕ್ಸ್ ಎತ್ತಿ. ನಿಧಾನಕ್ಕೆ. ಕಾಲು ಎಷ್ಟು ಅಗಲವಾಯಿತು? ಸೊಂಟ ಹಿಂದಕ್ಕೆ ಹೋಯಿತಾ? ಬಾಕ್ಸ್ ಹೊಟ್ಟೆಗೆ ತಾಗಿದಾಗ ಬೆನ್ನು ಯಾವ ಕಡೆ ವಾಲಿತು? ಭುಜದ ಮೇಲೆ ಇಟ್ಟುಕೊಂಡಾಗ ಇನ್ನೊಂದು ಕೈ ತನ್ನಷ್ಟಕ್ಕೆ ತಾನೇ ಎಲ್ಲಿಗೆ ಹೋಯಿತು? ಚಿತ್ರದಲ್ಲಿ ಬರಬೇಕಾದ ವಿಷಯ ಇದೇ. ನಿಮ್ಮ ಬೆನ್ನಿಗೆ ಒಮ್ಮೆ ಗೊತ್ತಾದರೆ ಕಣ್ಣು ಅದನ್ನು ಬೇರೆಯವರಲ್ಲಿ ಬೇಗ ಹುಡುಕುತ್ತದೆ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು (1911–1996) ಕೆಲವೇ ಗೆರೆಗಳಲ್ಲಿ ನೃತ್ಯಗಾರರನ್ನು ಬರೆದವರು. ಅವರು ಸ್ವತಃ ಕಥಕ್ ಕಲಿತಿದ್ದರು. ನಾವು ನೃತ್ಯ ಕಲಿಯಬೇಕಾಗಿಲ್ಲ, ಎದ್ದು ನಿಂತು ಆ ಭಂಗಿಯನ್ನು ಮಾಡಿ ನೋಡಿದರೆ ಸಾಕು.

ಈಗ ಗೆರೆಗೆ ಬರೋಣ. ಭುಜದ ಮೇಲೆ ಬಾಕ್ಸ್ ಹೊತ್ತು ಒಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಮೊದಲು ತಲೆಗೆ ಕಣ್ಣು ಮೂಗು ಇಲ್ಲದ ಒಂದು ಸಣ್ಣ ಮೊಟ್ಟೆಯಾಕಾರ ಮಾತ್ರ, ತಲೆ ವಾಲಿರುವ ಕಡೆಗೇ ವಾಲಿಸಿ. ಅಲ್ಲಿಂದ ಕತ್ತು, ಬೆನ್ನುಮೂಳೆ, ಭಾರ ಹೊತ್ತ ಕಾಲಿನ ಪಾದದವರೆಗೆ ಒಂದೇ ಉದ್ದ ಗೆರೆ. ಕೈ ಎತ್ತದೆ ಎಳೆಯಿರಿ. ಈ ಗೆರೆ ನೇರವಾಗಿರಬಹುದು, ಬಿಲ್ಲಿನ ಹಾಗೆ ಬಾಗಿರಬಹುದು, ಮೇಲೆ ಒಂದು ಕಡೆ ಕೆಳಗೆ ಒಂದು ಕಡೆ ತಿರುಗಿರಬಹುದು. ಯಾವುದೆಂದು ನೋಡಿ ತೀರ್ಮಾನಿಸಿ, ಆಮೇಲೆ ಸ್ವಲ್ಪ ಜಾಸ್ತಿಯೇ ಬಾಗಿಸಿ. ನಮ್ಮ ಕೈಗೆ ಎಲ್ಲವನ್ನೂ ನೆಟ್ಟಗೆ ಮಾಡುವ ಚಾಳಿ ಇದೆ. ಸ್ವಲ್ಪ ಅತಿ ಮಾಡಿದರೆ ಹಾಳೆಯ ಮೇಲೆ ಅದು ಸರಿಯಾಗಿ ಬಂದು ನಿಲ್ಲುತ್ತದೆ.

ಆಮೇಲೆ ಎರಡು ಅಡ್ಡ ಗೆರೆ. ಒಂದು ಭುಜಕ್ಕೆ, ಒಂದು ಸೊಂಟಕ್ಕೆ. ಒಬ್ಬರು ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಆರಾಮಾಗಿ ನಿಂತರೆ ಆ ಕಾಲಿನ ಕಡೆ ಸೊಂಟ ಮೇಲೆದ್ದಿರುತ್ತದೆ, ಅದೇ ಕಡೆಯ ಭುಜ ಸಾಮಾನ್ಯವಾಗಿ ಕೆಳಗಿಳಿದಿರುತ್ತದೆ. ಬೆಳಗ್ಗೆ ಹಾಲಿನ ಡೇರಿ ಮುಂದೆ ಕ್ಯಾನ್ ಇಟ್ಟುಕೊಂಡು ಕಾಯುವವರನ್ನು ನೋಡಿ, ಅರ್ಧ ಜನ ಹೀಗೇ ನಿಂತಿರುತ್ತಾರೆ. ಕೈಯಲ್ಲಿ ತುಂಬಿದ ಬಕೆಟ್ ಇದ್ದರೆ ಲೆಕ್ಕ ಬೇರೆ. ಆ ಕಡೆ ಭುಜ ಕೆಳಗೆ ಎಳೆದಿರುತ್ತದೆ, ಮೈ ಇನ್ನೊಂದು ಪಕ್ಕಕ್ಕೆ ವಾಲಿರುತ್ತದೆ, ಖಾಲಿ ಕೈ ಹೊರಗೆ ಚಾಚಿರುತ್ತದೆ. ತಲೆ ಮೇಲೆ ಹೊರೆ ಇದ್ದರೆ ಕತ್ತು, ಬೆನ್ನು ಕಂಬದಂತೆ ನೆಟ್ಟಗೆ, ಅಲುಗಾಟವೆಲ್ಲ ಸೊಂಟದಿಂದ ಕೆಳಗೆ. ಮೂರೂ ಕಡೆ ಕೆಲಸ ಮಾಡುತ್ತಿರುವುದು ಒಂದೇ ನಿಯಮ. ಮೈ ಮತ್ತು ಹೊರೆ ಎರಡರ ಒಟ್ಟು ಭಾರ ಪಾದದ ಮೇಲೆ ಬೀಳಬೇಕು, ಇಲ್ಲದಿದ್ದರೆ ಮನುಷ್ಯ ಬೀಳುತ್ತಾನೆ.

ಇದನ್ನು ಪರೀಕ್ಷಿಸಲು ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಡಿ. ಗಾರೆಯವರು ತೂಗುಗುಂಡು ಹಿಡಿಯುತ್ತಾರಲ್ಲ, ಅದೇ ಕೆಲಸ. ಹೊರೆ ಇಲ್ಲದೆ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವರನ್ನು ಎದುರಿನಿಂದ ನೋಡಿದರೆ, ಕತ್ತಿನ ಬುಡದ ತಗ್ಗಿನಿಂದ ಇಳಿದ ದಾರ ಹೆಚ್ಚುಕಡಿಮೆ ಆ ಕಾಲಿನ ಒಳ ಹರಡಿನ (ಪಾದದ ಮೇಲಿನ ಗಂಟಿನ) ಹತ್ತಿರ ಬರುತ್ತದೆ. ಎರಡೂ ಕಾಲಿನ ಮೇಲೆ ಸಮವಾಗಿ ನಿಂತರೆ ಎರಡು ಪಾದದ ನಡುವೆ ಬೀಳುತ್ತದೆ. ನಿಮ್ಮ ಚಿತ್ರದ ಮೇಲೂ ಇದೇ ದಾರ ಹಿಡಿದು ನೋಡಿ. ನಿಂತವರು ಯಾಕೋ ಬೀಳುವಂತೆ ಕಾಣುತ್ತಿದ್ದರೆ ಕಾರಣ ಅಲ್ಲೇ ಸಿಗುತ್ತದೆ. ನಡೆಯುವವರಿಗೆ, ಓಡುವವರಿಗೆ ಇದು ಹೊಂದುವುದಿಲ್ಲ. ಅವರು ಮುಂದಕ್ಕೆ ಬೀಳುತ್ತಾ ಕಾಲು ಕೊಟ್ಟು ತಡೆಯುತ್ತಾ ಹೋಗುವವರು.

ಅಡ್ಡ ಗೆರೆ ಆದ ಮೇಲೆ ಎದೆಗೂಡಿಗೆ ಒಂದು ದೊಡ್ಡ ಮೊಟ್ಟೆ, ಸೊಂಟದ ಮೂಳೆಗಳಿಗೆ ಒಂದು ಡಬ್ಬಿ. ಇವೆರಡೂ ಗಟ್ಟಿ, ಬಗ್ಗುವುದಿಲ್ಲ. ಬಗ್ಗುವುದು, ತಿರುಚುವುದು ನಡುವಿನ ಹೊಟ್ಟೆಯ ಭಾಗ. ಆದ್ದರಿಂದ ಮೈ ಬಲಕ್ಕೆ ಬಾಗಿದಾಗ ಬಲ ಪಕ್ಕೆ ಮಡಿಚಿ ಸುಕ್ಕಾಗುತ್ತದೆ, ಎಡ ಪಕ್ಕೆ ಎಳೆದು ಉದ್ದವಾಗುತ್ತದೆ. ಮಡಿಚಿದ ಕಡೆ ಗೆರೆ ಮುರಿದಂತೆ ಬರಲಿ, ಎಳೆದ ಕಡೆ ಒಂದೇ ಉದ್ದ ಗೆರೆ ಬರಲಿ. ಎರಡೂ ಪಕ್ಕದಲ್ಲಿ ಒಂದೇ ಥರ ಉಬ್ಬಿದ ಗೆರೆ ಎಳೆದರೆ ದೇಹ ತುಂಬಿದ ಚೀಲದ ಹಾಗೆ ಕಾಣುತ್ತದೆ. ನನಗೆ ಕೇಳಿದರೆ ಇಡೀ ಪಾಠದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಈ ಒಂದು ವಿಷಯಕ್ಕೆ. ಕೈ, ಕಾಲು ಆಮೇಲೆ ಗೆರೆ ಮಾತ್ರ ಸಾಕು. ಬೆರಳು ಈಗ ಬೇಡವೇ ಬೇಡ.

ಇನ್ನು 30 ಸೆಕೆಂಡಿನ ವಿಷಯ. ಅದು ತಪ್ಪಲ್ಲ, ಆದರೆ ಶುರುವಿಗಲ್ಲ. ಏನು ನೋಡಬೇಕು ಎಂದು ಗೊತ್ತಿದ್ದವರಿಗೆ 30 ಸೆಕೆಂಡ್ ಸಾಕು. ಗೊತ್ತಿಲ್ಲದವರಿಗೆ ಅದು ಗೀಚುವ ಅಭ್ಯಾಸ ಮಾತ್ರ ಕೊಡುತ್ತದೆ. ವೇಗವಾಗಿ ಬರೆಯುವುದೇ ಕಲಿಕೆ ಎಂದುಕೊಂಡು ತಿಂಗಳುಗಟ್ಟಲೆ ನೂಲಿನ ಉಂಡೆಯಂಥ ಗೀಚು ಬರೆದವರನ್ನು ನೋಡಿದ್ದೇನೆ. ನೀವು 2 ನಿಮಿಷದಿಂದ ಶುರು ಮಾಡಿ. ಮೊದಲ 20 ಸೆಕೆಂಡ್ ಪೆನ್ಸಿಲ್ ಮುಟ್ಟದೆ ನೋಡಿ, ಆಮೇಲೆ ಬರೆಯಿರಿ. ಉದ್ದ ಗೆರೆ, ಎರಡು ಅಡ್ಡ ಗೆರೆ, ಎದೆ, ಸೊಂಟ, ಕಾಲು, ಕೈ ಇಷ್ಟು 2 ನಿಮಿಷದಲ್ಲಿ ಆರಾಮಾಗಿ ಮುಗಿಯುವಂತಾದ ಮೇಲೆ 1 ನಿಮಿಷಕ್ಕೆ ಇಳಿಯಿರಿ. 30 ಸೆಕೆಂಡ್ ಅದಾದ ಮೇಲೆ. ವಾರದಲ್ಲಿ ಒಂದು ದಿನ ಮಾತ್ರ ಮನೆಯವರನ್ನು ಯಾರನ್ನಾದರೂ ಒಪ್ಪಿಸಿ, ಟಿವಿ ನೋಡುತ್ತಾ ಕೂತವರನ್ನು 15–20 ನಿಮಿಷ ಬರೆಯಿರಿ. ಬೇಗ ಬರೆದಾಗ ಯಾವುದನ್ನು ತಪ್ಪಾಗಿ ನೋಡುತ್ತಿದ್ದಿರಿ ಎಂದು ಆ ನಿಧಾನದ ಚಿತ್ರದಲ್ಲಿ ಗೊತ್ತಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು.

“ಅವರು ಹೊರಟೇ ಹೋಗುತ್ತಾರೆ” ಅಂದಿರಿ. ಹೋಗಲಿ ಬಿಡಿ, ಇನ್ನೊಬ್ಬರು ಬಂದು ಅದೇ ಭಂಗಿಯಲ್ಲಿ ಬಗ್ಗುತ್ತಾರೆ. ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಒಟ್ಟಿಗೆ ಶುರು ಮಾಡಿ. ಬಗ್ಗಿದವರು ಒಂದು ಮೂಲೆಯಲ್ಲಿ, ಎತ್ತುವವರು ಇನ್ನೊಂದರಲ್ಲಿ, ಹೊತ್ತು ನಡೆಯುವವರು, ಲಾರಿ ಮೇಲೆ ನಿಂತು ಬಾಕ್ಸ್ ತೆಗೆದುಕೊಳ್ಳುವವರು. ಯಾವ ಭಂಗಿ ಮತ್ತೆ ಬಂತೋ ಆ ಚಿತ್ರಕ್ಕೆ ಎರಡು ಗೆರೆ ಸೇರಿಸಿ. ಒಬ್ಬರ ಬೆನ್ನು, ಇನ್ನೊಬ್ಬರ ಕಾಲು ಸೇರಿದರೆ ಏನೂ ಆಗುವುದಿಲ್ಲ. ಹರಾಜಿನ ಗುಂಪು ಇನ್ನೂ ಸುಲಭ. ಅಲ್ಲಿ ಜನ ನಿಂತೇ ಇರುತ್ತಾರೆ, ಎಲ್ಲರ ಕತ್ತೂ ಒಂದೇ ಕಡೆಗೆ ಚಾಚಿರುತ್ತದೆ. ಬಿಡುವಾದಾಗ ನೆನಪಿನಿಂದಲೂ ಬರೆಯಿರಿ. ಒಬ್ಬರನ್ನು ಗಮನವಿಟ್ಟು ನೋಡಿ, ತಿರುಗಿ ಕೂತು ಬರೆದು, ಮತ್ತೆ ಅಂಥವರನ್ನೇ ನೋಡಿ ಹೋಲಿಸಿ.

ನಮ್ಮ ಕಡೆಯ ಒಂದು ಭಂಗಿ ಪರದೇಶದ ವಿಡಿಯೊಗಳಲ್ಲಿ ಸಿಗುವುದೇ ಅಪರೂಪ. ಕುಕ್ಕರಗಾಲಲ್ಲಿ ಕೂತು ಹಣ್ಣು ಆರಿಸುವ ಹೆಂಗಸರದು. ಪಾದ ಪೂರ್ತಿ ನೆಲಕ್ಕೆ ಊರಿರುತ್ತದೆ, ಮಂಡಿ ಕಂಕುಳ ಹತ್ತಿರ ಬಂದಿರುತ್ತದೆ, ಮೈ ಮುಂದಕ್ಕೆ ಬಾಗಿರುತ್ತದೆ. ಬೆನ್ನನ್ನು ನೆಟ್ಟಗೆ ಬರೆದಿರೋ, ಚಿತ್ರದಲ್ಲಿ ಆಕೆ ಹಿಂದಕ್ಕೆ ಉರುಳುತ್ತಾರೆ. ಇಲ್ಲಿಯೂ ಭಾರ ಪಾದದ ಮೇಲೆಯೇ ಇರಬೇಕು. ಮೊದಲು ಪಾದ ಎಲ್ಲಿದೆ ಎಂದು ಗುರುತು ಹಾಕಿ, ಆಮೇಲೆ ತಲೆ ಅದರ ಮೇಲಿದೆಯಾ ಮುಂದಿದೆಯಾ ಎಂದು ನೋಡಿ, ನಡುವೆ ಬೆನ್ನಿನ ಬಿಲ್ಲು ಎಳೆಯಿರಿ. ಪಕ್ಕದಿಂದ ಬರೆಯಿರಿ. ಎದುರಿನಿಂದ ನೋಡಿದರೆ ತೊಡೆ ನಮ್ಮ ಕಡೆಗೇ ಚಾಚಿ ಗಿಡ್ಡವಾಗಿ ಕಾಣುತ್ತದೆ, ಅದು ಮುಂದಿನ ವರ್ಷದ ತಲೆನೋವು.

ಸೀರೆ, ಪಂಚೆ, ಲುಂಗಿಗಳದೂ ಅದೇ ಕಥೆ. ವಿಡಿಯೊಗಳಲ್ಲಿ ಮಾಡೆಲ್‌ಗಳು ಮೈಗಂಟಿದ ಬಟ್ಟೆಯಲ್ಲಿರುತ್ತಾರೆ, ನಮಗೆ ಸಿಗುವವರ ಕಾಲೇ ಕಾಣುವುದಿಲ್ಲ. ಬಟ್ಟೆಯ ನೆರಿಗೆಯನ್ನು ಒಂದೊಂದಾಗಿ ಬರೆಯಬೇಡಿ. ಬಟ್ಟೆ ಎಲ್ಲಿ ಮೈಗೆ ತಾಗಿ ನೇತಾಡುತ್ತಿದೆ ಎಂದು ಹುಡುಕಿ. ಸೆರಗಿಗೆ ಭುಜ, ಕೂತಾಗ ಮಂಡಿ, ಎತ್ತಿ ಕಟ್ಟಿದ ಲುಂಗಿಗೆ ಸೊಂಟದ ಗಂಟು. ನೆರಿಗೆಗಳೆಲ್ಲ ಆ ಜಾಗದಿಂದ ಹೊರಟು ಹರಡುತ್ತವೆ, ಇಲ್ಲವೇ ಅಂಥ ಎರಡು ಜಾಗಗಳ ನಡುವೆ ಎಳೆದುಕೊಂಡಿರುತ್ತವೆ. ಮುಖ್ಯವಾದ ಎರಡು ಮೂರು ಎಳೆತ ಬರೆದರೆ ಒಳಗಿನ ಕಾಲು ತಾನಾಗಿ ಕಾಣುತ್ತದೆ.

ಮೂಳೆ, ಸ್ನಾಯು ಯಾವಾಗ ಕಲಿಯಬೇಕು? ಸ್ನಾಯುವಿನ ಹೆಸರುಗಳ ಹಿಂದೆ ಈಗಲೇ ಹೋಗಬೇಡಿ. ಶುರುವಿನಲ್ಲೇ ಸ್ನಾಯು ಕಲಿತವರು ಕಂಡ ಕಂಡ ಮೈಗೆಲ್ಲ ಉಬ್ಬು ಹಚ್ಚುತ್ತಾರೆ, ಚಿತ್ರ ಇನ್ನಷ್ಟು ಮರಗಟ್ಟುತ್ತದೆ. ಚರ್ಮದ ಕೆಳಗೇ ಕೈಗೆ ಸಿಗುವ ಮೂಳೆಗಳು ಮಾತ್ರ ಈಗ ಬೇಕು. ಕತ್ತಿನ ಬುಡದ ತಗ್ಗು, ಅದರ ಎರಡು ಕಡೆಯ ಕೊರಳೆಲುಬು, ಭುಜದ ತುದಿ, ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಉಬ್ಬುವ ಮೂಳೆ, ಸೊಂಟದ ಮುಂದಿನ ಎರಡು ಮೂಳೆ ತುದಿ, ಮಂಡಿಚಿಪ್ಪು, ಹರಡು. ನಿಮ್ಮ ಮೈಮೇಲೇ ಮುಟ್ಟಿ ನೋಡಿಕೊಳ್ಳಿ. ಹರಡಿನಲ್ಲಿ ಒಳಗಿನದು ಮೇಲೆ, ಹೊರಗಿನದು ಕೆಳಗೆ ಇರುತ್ತದೆ. ಎಷ್ಟೋ ಜನ ಎರಡನ್ನೂ ಒಂದೇ ಮಟ್ಟಕ್ಕೆ ಬರೆಯುತ್ತಾರೆ.

ಅಳತೆಯೂ ಸ್ವಲ್ಪ ಗೊತ್ತಿರಲಿ. ನೆತ್ತಿಯಿಂದ ಗಲ್ಲದವರೆಗಿನ ತಲೆಯನ್ನು ಒಂದು ಅಳತೆ ಎಂದಿಟ್ಟುಕೊಂಡರೆ ಬೆಳೆದ ಮನುಷ್ಯ ಸುಮಾರು ಏಳೂವರೆ ತಲೆ ಎತ್ತರ. ಕಾಲು ಕವಲೊಡೆಯುವ ಜಾಗ ಹೆಚ್ಚುಕಡಿಮೆ ಅರ್ಧ. ಕೈ ಇಳಿಬಿಟ್ಟರೆ ಮಣಿಕಟ್ಟು ಅದೇ ಮಟ್ಟಕ್ಕೆ, ಮೊಣಕೈ ಎದೆಗೂಡಿನ ಕೆಳ ಅಂಚಿನ ಹತ್ತಿರ. ಚಕ್ಕಳಮಕ್ಕಳ ಹಾಕಿ ಕೂತರೆ ನೆಲದಿಂದ ನೆತ್ತಿಗೆ ಸುಮಾರು 4 ತಲೆ. ಒಂದು ವರ್ಷದ ಮಗು ನಿಂತರೂ ಸುಮಾರು 4 ತಲೆಯೇ. ಅದಕ್ಕೇ ದೊಡ್ಡವರನ್ನು ಕುಗ್ಗಿಸಿ ಬರೆದರೆ ಅದು ಮಗುವಾಗುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, ವಿಗ್ರಹ ಕೆತ್ತುವವರಿದ್ದಾರೆ. ವಿಗ್ರಹದ ಕೆಲಸದ ಲೆಕ್ಕ ತಾಳಮಾನದ್ದು, ಅಂದರೆ ಒಂದು ಮುಖದುದ್ದವನ್ನು ಒಂದು ತಾಳ ಎಂದಿಟ್ಟುಕೊಂಡು ಮೈ ಅಳೆಯುವುದು. ನವತಾಳ ಅಂದರೆ 9 ಮುಖದುದ್ದ, 108 ಅಂಗುಲ. ಅಲ್ಲಿ ಅಳತೆ ಹಿಡಿಯುವುದು ಕೂದಲಿನ ಅಂಚಿನಿಂದ ಗಲ್ಲದವರೆಗಿನ ಮುಖವನ್ನು, ನೆತ್ತಿ ಸೇರುವುದಿಲ್ಲ. ಹಾಗಾಗಿ ಇದನ್ನೂ ಏಳೂವರೆ ತಲೆಯನ್ನೂ ಬೆರೆಸಬೇಡಿ. ಒಂದು ದಿನ ಅಲ್ಲಿಗೆ ಹೋಗಿ ಬನ್ನಿ, ಆದರೆ ವಿಗ್ರಹಕ್ಕಿಂತ ಕೆತ್ತುವವರನ್ನು ಬರೆಯಿರಿ. ಉಳಿ ಹಿಡಿದ ಎಡಗೈ ಗಟ್ಟಿ ನಿಂತಿರುತ್ತದೆ, ಸುತ್ತಿಗೆಯ ಕೈ ಮಾತ್ರ ಆಡುತ್ತದೆ. ಕೂತಲ್ಲೇ ಗಂಟೆಗಟ್ಟಲೆ ಅದೇ ಭಂಗಿ, ನಿಮ್ಮಂಥವರಿಗೆ ಹಬ್ಬ. ಕೋಲಾರದ ಸೋಮೇಶ್ವರ ದೇವಸ್ಥಾನದ ಕಂಬದ ಶಿಲ್ಪಗಳನ್ನೂ ಬರೆಯಬಹುದು, ಅವು ಓಡಿಹೋಗುವುದಿಲ್ಲ. ತ್ರಿಭಂಗದಲ್ಲಿ ತಲೆ, ಎದೆ, ಸೊಂಟ ಮೂರೂ ಬೇರೆ ಬೇರೆ ಕಡೆ ವಾಲುವುದನ್ನು ಶಿಲ್ಪದಲ್ಲಿ ಸ್ಪಷ್ಟವಾಗಿ ನೋಡಬಹುದು. ಆದರೆ ಶಿಲ್ಪದ ಮೈಗೆ ಆಯಾಸ ಗೊತ್ತಿಲ್ಲ. ಅದನ್ನೇ ಬರೆಯುತ್ತಾ ಹೋದರೆ ನಿಮ್ಮ ಹಮಾಲಿಗಳೂ ದೇವತೆಗಳಾಗಿಬಿಡುತ್ತಾರೆ.

ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡಿ. ಮನೆಗೆ 4ಬಿ ಅಥವಾ 6ಬಿ ಪೆನ್ಸಿಲ್, ಎ3 ಅಳತೆಯ ಅಗ್ಗದ ಹಾಳೆ. ಪೆನ್ಸಿಲನ್ನು ಬರೆಯುವಂತೆ ತುದಿಯಲ್ಲಿ ಹಿಡಿಯದೆ, ಅಂಗೈ ಕೆಳಗೆ ಮಲಗಿಸಿ ಹಿಡಿದು ಭುಜದಿಂದ ಕೈ ಆಡಿಸಿ. ಮಣಿಕಟ್ಟಿನಿಂದ ಬರೆದರೆ ಕೂದಲಿನಂಥ ತುಂಡು ತುಂಡು ಗೆರೆ ಬರುತ್ತದೆ. ಮಾರ್ಕೆಟ್ಟಿಗೆ ಜೇಬಿನ ಪುಸ್ತಕ, ಬಾಲ್ ಪೆನ್. ಅಳಿಸಲು ಆಗುವುದಿಲ್ಲ ಎನ್ನುವುದೇ ಅದರ ಗುಣ. ರಬ್ಬರ್ ಮನೆಯಲ್ಲೂ ಬೇಡ, ತಪ್ಪಿದ ಗೆರೆ ಹಾಗೇ ಇರಲಿ, ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಿರಿ.

ಮಳೆ ಬಂದ ದಿನ ವಿಡಿಯೊ ನೋಡಿ ಬರೆಯಬಹುದು. ಫೋಟೊಗಿಂತ ವಿಡಿಯೊ ಮೇಲು, ಯಾಕೆಂದರೆ ಆ ಕ್ಷಣದ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂದು ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ, 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪ ಅವರ ತಮಟೆ ಕುಣಿತ ಹುಡುಕಿ ನೋಡಿ. ಪೂರ್ತಿ ಒಂದು ಸುತ್ತು ನೋಡಿ, ಆಮೇಲೆ ನಿಲ್ಲಿಸಿ ಬರೆಯಿರಿ. ನಿಮ್ಮದೇ ಮೊಬೈಲಿನಲ್ಲಿ ತೀರಾ ಹತ್ತಿರದಿಂದ ಫೋಟೊ ತೆಗೆದರೆ ಮುಂದಿರುವ ಕೈ, ತಲೆ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ. ಅದನ್ನು ನಂಬಿ ಅಳತೆ ಕಲಿಯಬೇಡಿ.

ಮಂಡಿಯಲ್ಲಿ ಎಲ್ಲರೂ ನಿಮಗೆ ಗೊತ್ತಿರುವವರೇ. ಆದರೂ “ಅಣ್ಣಾ, ಕೆಲಸ ಮಾಡುವಾಗ ನಿಮ್ಮದೊಂದು ಚಿತ್ರ ಬರ್ಕೊಳ್ಲಾ?” ಅಂತ ಒಂದು ಮಾತು ಕೇಳಿ. ಹೆಂಗಸರನ್ನು ಬರೆಯುವುದಿದ್ದರೆ ಕೇಳದೆ ಬರೆಯಲೇಬೇಡಿ. ಬೇಡ ಅಂದರೆ ಪುಸ್ತಕ ಮುಚ್ಚಿ. ಹೊರೆ ಸಾಗುವ ದಾರಿಗೆ ಅಡ್ಡ ನಿಲ್ಲಬೇಡಿ. ತೋರಿಸು ಅಂದರೆ ತೋರಿಸಿ. “ನನ್ನ ಸೊಂಟ ಹಿಂಗಿಲ್ಲಪ್ಪ” ಅಂತ ಅವರು ಹೇಳಿದರೆ ಕೇಳಿಸಿಕೊಳ್ಳಿ, ಅವರ ಬೆನ್ನಿನ ವಿಷಯ ಅವರಿಗೇ ಚೆನ್ನಾಗಿ ಗೊತ್ತು.

ಈಗ ಬೆಂಗಳೂರಿನ ವಿಷಯ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಒಳ್ಳೆಯವೇ. ಆದರೆ ಅಲ್ಲಿನ ಪದವಿಗೆ ವರ್ಷಗಟ್ಟಲೆ ಪೂರ್ತಿ ಸಮಯ ಕೊಡಬೇಕು. ಕೆಲಸ ಬಿಟ್ಟು ಹೋಗಿ ಎಂದು ನಾನು ಹೇಳುವುದಿಲ್ಲ. ಆರು ತಿಂಗಳು ಮಂಡಿಯಲ್ಲೇ ಬರೆಯಿರಿ. ಆಮೇಲೂ ಬೇಕೆನಿಸಿದರೆ ವಾರಾಂತ್ಯದ ಕ್ಲಾಸ್ ಹುಡುಕಿ. ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಎದುರಿಗೆ ಮನುಷ್ಯರನ್ನು ಕೂರಿಸಿ ಬರೆಸುತ್ತೀರಾ? ಫೋಟೊ ಕೊಟ್ಟು ಬರೆಸುತ್ತೇವೆ ಅಂದರೆ ವಾಪಸ್ ಬಂದುಬಿಡಿ, ಅದು ನಿಮಗೆ ಈಗಾಗಲೇ ಬರುತ್ತದೆ.

ಎರಡು ಮೂರು ವಾರ ಬರೆದ ಮೇಲೆ ಕೆಲವು ಹಾಳೆಗಳ ಫೋಟೊ ಕಳಿಸಿ. ಚೆನ್ನಾಗಿ ಬಂದವನ್ನು ಆರಿಸಬೇಡಿ, ಒಂದೇ ದಿನ ಬರೆದ ಎಲ್ಲವನ್ನೂ ಕಳಿಸಿ. ಪ್ರತಿ ಚಿತ್ರದ ಪಕ್ಕ ಎಷ್ಟು ನಿಮಿಷ ಹಿಡಿಯಿತು, ಭಾರ ಯಾವ ಕಾಲಿನ ಮೇಲಿತ್ತು ಎಂದು ಬರೆದಿರಲಿ. ಎಲ್ಲಿ ತಿದ್ದಬೇಕೆಂದು ಅದನ್ನು ನೋಡಿ ಹೇಳುತ್ತೇನೆ.